ಗುಡ್ಡ ಗುಡ್ಡಗಳ ನಡುವಣ ಸರದಿಯ ಮಾತು

ಮಲೆನಾಡಿನಲ್ಲಿ ತಂತಿ ಎಳೆಯುವುದೆಂದರೆ ಎಂಥ ಕಾರ್ಯವೆಂಬುದನ್ನು ಅಲ್ಲಿ ಒಂದು ಮಳೆಗಾಲವನ್ನಾದರೂ ಕಳೆದವರು ಬಲ್ಲರು. ಆಷಾಢದ ಗಾಳಿಗೆ ಉರುಳಿದ ಒಂದೇ ಮರ ಮೂರು ಊರುಗಳ ವಿದ್ಯುತ್ತನ್ನೂ ದೂರವಾಣಿಯನ್ನೂ ಒಮ್ಮೆಗೇ ಕೆಡವುತ್ತದೆ. ನೆಲದಡಿಯಲ್ಲಿ ಹೂಳಿದ ಕೇಬಲನ್ನು ರಸ್ತೆ ಅಗಲಿಸಲು ಬಂದ ಜೆಸಿಬಿ ಕತ್ತರಿಸುತ್ತದೆ. ಕತ್ತರಿಸಿದ ಜಾಗವನ್ನು ಹುಡುಕಿ ಬೆಸೆಯುವುದರೊಳಗಾಗಿ ಮಕ್ಕಳ ಪರೀಕ್ಷೆಯ ಅರ್ಜಿಯ ಗಡುವು ದಾಟಿರುತ್ತದೆ. ಇಂಥ ನಾಡಿನಲ್ಲಿ, ಕಣಿವೆಯ ಈಚೆಯ ಗುಡ್ಡದ ನೆತ್ತಿಯಿಂದ ಆಚೆಯ ಊರಿನ ಶಾಲೆಗೆ, ನಡುವೆ ಒಂದು ಗೇಣು ತಂತಿಯೂ ಇಲ್ಲದಂತೆ, ಅಂತರ್ಜಾಲವನ್ನು ಒಯ್ಯತಕ್ಕ ರೇಡಿಯೋ ಕೊಂಡಿಯೊಂದನ್ನು ನಿಲ್ಲಿಸುವ ಕೆಲಸವನ್ನು ಮೂರು ದಿನಗಳ ಕಾಲ ಹತ್ತಿರದಿಂದ ನೋಡುವ ಅವಕಾಶ ನನಗೆ ಒದಗಿತು. ಕೊಂಡಿಯ ಉದ್ದ 12 ಕಿಲೋಮೀಟರು. ದೂರವಾಣಿ ಇಲಾಖೆಯ ಮೈಕ್ರೋವೇವ್ ಗೋಪುರಗಳಲ್ಲಿ ಬಹುಕಾಲ ದುಡಿದು ನಿವೃತ್ತರಾದ ಹಿರಿಯರೊಬ್ಬರು ಅದರ ಮುಂದಾಳು. ಎಲ್ಲರೂ ಅವರನ್ನು ರಾಯರು ಎಂದೇ ಕರೆಯುತ್ತಿದ್ದರು. ಅವರೊಡನೆ ಇಬ್ಬರು ತರುಣರು. ಆ ಮೂರು ದಿನಗಳಲ್ಲಿ ನಾನು ಮನಗಂಡ ಸಂಗತಿ ಇಷ್ಟೇ: ಇಂಥ ಕೊಂಡಿಗಳು ಬಲ ಸಾಲದೆ ಕೆಡುವುದು ಅಪರೂಪ, ಹೊಂದಿಕೆ ಸಾಲದೆ ಕೆಡುವುದೇ ಹೆಚ್ಚು.

ಆಕಾಶವಾಣಿಯ ಪ್ರಸಾರಕೇಂದ್ರವು ಊರ ಡಂಗುರದಂತೆ ತನ್ನ ಧ್ವನಿಯನ್ನು ಎಲ್ಲ ದಿಕ್ಕುಗಳಿಗೂ ಚೆಲ್ಲುತ್ತದೆ. ಕೇಳುವವರು ಯಾರು, ಎಲ್ಲಿದ್ದಾರೆ ಎಂಬುದನ್ನು ಅದು ವಿಚಾರಿಸುವುದಿಲ್ಲ. ಎರಡು ಬಿಂದುಗಳ ನಡುವಣ ಕೊಂಡಿಯ ಸ್ವಭಾವ ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ಹೇಳುವವನೂ ಒಬ್ಬನೇ, ಕೇಳುವವನೂ ಒಬ್ಬನೇ. ಆದುದರಿಂದ ಇರುವ ಅಲ್ಪ ಶಕ್ತಿಯನ್ನೆಲ್ಲ ಬೋಗುಣಿಯಂಥ ಡಿಶ್ ಒಂದರ ಮುಖಾಂತರ ಕೂಡಿಸಿ ಒಂದೇ ದಿಕ್ಕಿಗೆ ಕಳುಹಿಸಬಹುದಾಗಿದೆ. 1931ರ ಮಾರ್ಚ್ 31ರಂದು ಆಂದ್ರೆ ಕ್ಲಾವಿಯೆ ಎಂಬ ಫ್ರೆಂಚ್ ವಿಜ್ಞಾನಿಯೂ ಅವರ ಸಂಗಡಿಗರೂ ಕ್ಯಾಲೆಗೂ ಡೋವರಿಗೂ ನಡುವೆ, ಇಂಗ್ಲಿಷ್ ಕಾಲುವೆಯ ಮೇಲೆ ಹಾಯಿಸಿ, ಸುಮಾರು 18 ಸೆಂಟಿಮೀಟರು ತರಂಗಾಂತರದ ಅಲೆಗಳಿಂದ ಮಾತನ್ನು ಸಾಗಿಸಿ ತೋರಿದಾಗ ಅವರು ವ್ಯಯಿಸಿದ ಶಕ್ತಿ ಅರ್ಧ ವ್ಯಾಟಿನಷ್ಟು. ಕೈದೀಪದ ಬಲ್ಬಿಗೆ ಬೇಕಾದಷ್ಟೂ ಅಲ್ಲ. ಇಪ್ಪತ್ತು ವರ್ಷಗಳ ತರುವಾಯ, 1951ರ ಆಗಸ್ಟಿನಲ್ಲಿ, ಅಮೆರಿಕದ ಒಂದು ಕಡಲಿನಿಂದ ಇನ್ನೊಂದು ಕಡಲಿನವರೆಗೆ 107 ಗೋಪುರಗಳ ಸಾಲು ಒಂದರಿಂದೊಂದಕ್ಕೆ ಮಾತನ್ನು ದಾಟಿಸತೊಡಗಿತು. ಇವೆಲ್ಲಕ್ಕೂ ಮುಂಚೆ, 1890ರ ದಶಕದಲ್ಲಿ, ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು 5 ಮಿಲಿಮೀಟರಿನಷ್ಟು ಕಿರಿದಾದ ಅಲೆಗಳನ್ನು ಉಂಟುಮಾಡಿ ಪ್ರಯೋಗಿಸಿದ್ದರೆಂಬುದನ್ನು ನಾವು ಮರೆಯಬಾರದು. ಇಂದು ನಗರಗಳಲ್ಲಿ ಒಂದು ಮಾಳಿಗೆಯಿಂದ ಇನ್ನೊಂದು ಮಾಳಿಗೆಗೆ ಹೂಡುವ 60 ಗಿಗಾಹರ್ಟ್ಸಿನ ಕೊಂಡಿಗಳು ದುಡಿಸಿಕೊಳ್ಳುವುದು ಆ ಅಳತೆಯ ಅಲೆಗಳನ್ನೇ.

ನಾವು ಹೂಡಿದ್ದು 5.8 ಗಿಗಾಹರ್ಟ್ಸಿನ ಕೊಂಡಿ. ಈ ಪಟ್ಟಿಯನ್ನು, ನಿಗದಿಯಾದ ಶಕ್ತಿಯ ಮಿತಿಯೊಳಗೆ, ಲೈಸೆನ್ಸಿನ ಅಗತ್ಯವಿಲ್ಲದೆ ಬಳಸಲು ಭಾರತ ಸರ್ಕಾರವು 2018ರ ಅಕ್ಟೋಬರಿನಲ್ಲಿ ವಿಸ್ತಾರವಾಗಿ ಅನುಮತಿ ನೀಡಿದೆ.

ಗುಡ್ಡದ ಮೇಲೆ ನಿಂತು ನೋಡಿದರೆ ಆಚೆಯ ಶಾಲೆಯ ಕೆಂಪು ಹೆಂಚು ಬರಿಗಣ್ಣಿಗೇ ಕಾಣುತ್ತಿತ್ತು. ಕಂಡ ಮೇಲೆ ಇನ್ನೇನು ಬೇಕು ಎಂದು ನಾನು ಕೇಳಿದೆ. ರಾಯರು ಉತ್ತರವಾಗಿ ಕಣಿವೆಯ ನಡುವಿನ ಕಾಫಿ ತೋಟದ ಕಡೆಗೆ ಬೆರಳು ತೋರಿದರು. ಕಣ್ಣಿಗೆ ಕಾಣುವ ಬೆಳಕು ಕೂದಲೆಳೆಯಷ್ಟು ಸಂದಿಯಿದ್ದರೂ ನುಸುಳಿ ಬರುತ್ತದೆ. ಐದು ಸೆಂಟಿಮೀಟರಿನ ರೇಡಿಯೋ ಅಲೆಗೆ ಅಷ್ಟು ಸಾಲದು. ಡಿಶ್‌ನಿಂದ ಡಿಶ್‌ಗೆ ನೇರವಾಗಿ ಎಳೆದ ಗೆರೆಯ ಸುತ್ತಲೂ, ತುದಿಗಳಲ್ಲಿ ಚೂಪಾಗಿ ನಡುವಿನಲ್ಲಿ ದಪ್ಪವಾಗಿ, ಹದವಾಗಿ ಬೆಳೆದ ಸೌತೆಕಾಯಿಯ ಆಕಾರದಲ್ಲಿ ಒಂದು ಅವಕಾಶವನ್ನು ಆ ಅಲೆ ಬಯಸುತ್ತದೆ. ಬೆಳಕಿನ ಅಲೆಗಳ ನಡೆಯನ್ನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಗಣಿತಕ್ಕೆ ಒಳಪಡಿಸಿದ ಫ್ರೆನೆಲ್ ಮಹಾಶಯನ ಹೆಸರನ್ನೇ ಈ ಅವಕಾಶಕ್ಕೆ ಇಟ್ಟಿದ್ದಾರೆ. ನೇರ ದಾರಿಗಿಂತ ಅರ್ಧ ಅಲೆಯಷ್ಟು, ಎಂದರೆ ಇಲ್ಲಿ ಎರಡೂವರೆ ಸೆಂಟಿಮೀಟರಿನಷ್ಟು, ಸುತ್ತು ಬಳಸಿ ಬರುವ ಅಲೆಗಳು ಎಲ್ಲಿಯವರೆಗೆ ಹಬ್ಬುತ್ತವೆಯೋ ಅಲ್ಲಿಗೆ ಅದರ ಮೊದಲ ಎಲ್ಲೆ. ನಮ್ಮ 12 ಕಿಲೋಮೀಟರಿನ ಕೊಂಡಿಗೆ ನಡುದಾರಿಯಲ್ಲಿ ಅದರ ತ್ರಿಜ್ಯ ಸುಮಾರು ಹನ್ನೆರಡೂವರೆ ಮೀಟರು. ಅದರಲ್ಲಿ ನೂರಕ್ಕೆ ಅರುವತ್ತು ಪಾಲಾದರೂ, ಎಂದರೆ ಗೆರೆಯ ಕೆಳಗೆ ಏಳೂವರೆ ಮೀಟರು, ತೆರವಾಗಿರಬೇಕೆಂಬುದು ಈ ವೃತ್ತಿಯವರ ಕಟ್ಟಳೆ. ಭೂಮಿಯ ಉಬ್ಬನ್ನೂ ಇದಕ್ಕೆ ಕೂಡಿಸಬೇಕು. 12 ಕಿಲೋಮೀಟರಿಗೆ ಅದು ನಡುವಿನಲ್ಲಿ ಎರಡು ಮೀಟರಷ್ಟೆ. 40 ಕಿಲೋಮೀಟರಿನ ಕೊಂಡಿಯಾದರೋ, ವಾಯುಮಂಡಲವು ಅಲೆಯನ್ನು ತುಸು ಬಾಗಿಸಿ ಮಾಡುವ ಉಪಕಾರವನ್ನು ಕಳೆದ ಮೇಲೂ, ಅದು ಇಪ್ಪತ್ತಮೂರು ಮೀಟರಿಗೆ ಏರುತ್ತದೆ.

ರಾಯರು ಬೆರಳಿಟ್ಟು ತೋರಿದ್ದು ಆ ತೋಟದ ಸಿಲ್ವರ್ ಮರಗಳ ತುದಿಗಳನ್ನು. ಮಳೆಗಾಲಕ್ಕೆ ಮುಂಚೆ ತೋಟದವರು ಮರಗಸಿ ಮಾಡಿಸಿ ಕೊಂಬೆಗಳನ್ನು ಸವರಿಸುತ್ತಾರಷ್ಟೆ. ಆಗ ನೋಡಿ ಲೆಕ್ಕ ಹಾಕಿದ ಕೊಂಡಿ ಮುಂದಿನ ಬೇಸಗೆಗೆ ಕ್ಷೀಣಿಸುತ್ತದೆ. ಯಾರೂ ಏನನ್ನೂ ಮುಟ್ಟಿರುವುದಿಲ್ಲ, ಡಿಶ್‌ಗಳಿಗೆ ಜೋಡಿಸಿದ ರೇಡಿಯೋ ಪೆಟ್ಟಿಗೆಗಳು ಸರಿಯಾಗಿಯೇ ಇರುತ್ತವೆ; ಮರ ಬೆಳೆದಿರುತ್ತದೆ. ಈ ಪಟ್ಟಿಯಲ್ಲಿ ಮಳೆಹನಿಗಳಿಗಿಂತ ನೀರು ಹಿಡಿದ ಎಲೆಯೇ ದೊಡ್ಡ ಶತ್ರು. 10 ಗಿಗಾಹರ್ಟ್ಸಿನಿಂದ ಮೇಲಣ ಕೊಂಡಿಗಳಿಗಾದರೆ ಮಳೆಯೇ ಭಾರಿ ತೆರಿಗೆಯನ್ನು ವಸೂಲು ಮಾಡುತ್ತದೆ. ಇದನ್ನೆಲ್ಲ ಎಣಿಸಿ ಡಿಶ್ ಕಟ್ಟಲು ಗುಡ್ಡದ ಮೇಲೆ ನೆಟ್ಟ ಕಬ್ಬಿಣದ ಪೈಪನ್ನು ಮೊದಲು ಎಣಿಸಿದ್ದಕ್ಕಿಂತ ಆರು ಮೀಟರು ಎತ್ತರಿಸಲಾಯಿತು.

ಮೊದಲ ದಿನದ ಮಧ್ಯಾಹ್ನ ಡಿಶ್‌ಗಳನ್ನು ಏರಿಸಿದರು. ಕಣಿವೆಯಲ್ಲಿ ಮೊಬೈಲು ಹಿಡಿಯದ ಕಾರಣ, ಶಾಲೆಯ ಅಂಗಳದಲ್ಲಿ ನಿಂತ ತರುಣನು ಮುಖ ನೋಡುವ ಕನ್ನಡಿಯೊಂದನ್ನು ಬಿಸಿಲಿಗೆ ಹಿಡಿದು ಮಿಂಚಿಸಿದನು. ಭೂಮಾಪನ ಇಲಾಖೆಯವರು ಹಿಂದೆ ಗುಡ್ಡದಿಂದ ಗುಡ್ಡಕ್ಕೆ ಕೋನ ಅಳೆಯುತ್ತಿದ್ದುದೂ ಇದೇ ಬಗೆಯ ಮಿಂಚನ್ನು ನೋಡಿಯೇ. ಆ ಮಿಂಚಿನ ನೇರಕ್ಕೆ ಡಿಶ್ ತಿರುಗಿತು. ಕೊಂಡಿ ಕೂಡಿತು. ಬಂದು ಸೇರುವ ಸಿಗ್ನಲಿನ ಬಲವನ್ನು ಡೆಸಿಬೆಲ್ ಲೆಕ್ಕದಲ್ಲಿ ಹೇಳುವ ಅಂಕಿ ಮೈನಸ್ 82 ಎಂದು ತೋರಿತು; ಮೈನಸಿನ ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ಬಲ ಹೆಚ್ಚು.

“ಲಿಂಕ್ ಬಂತು ಸಾರ್, ಆದ್ರೆ ವೀಕ್. ಪವರ್ ಏರಿಸೋಣವಾ?” ಎಂದು ಮೇಲಿದ್ದ ತರುಣ ಕೇಳಿದ.

“ಏರಿಸೋದು ಬೇಡ ಮಾರಾಯ. ಲೆಕ್ಕ ಏನು ಹೇಳ್ತದೆ, ಅದನ್ನು ಮೊದಲು ನೋಡು” ಎಂದರು ರಾಯರು.

ಲೆಕ್ಕವು ಅವರ ಕಿಸೆಯ ಪುಸ್ತಕದಲ್ಲಿ ಆಗಲೇ ಇತ್ತು. ಕಳುಹಿಸುವ ಡಿಶ್‌ನಿಂದ ಹೊರಡುವುದು ಇಷ್ಟು, 12 ಕಿಲೋಮೀಟರಿನ ಬಯಲಿನಲ್ಲಿ ಚದುರಿಹೋಗುವುದು 129 ಡೆಸಿಬೆಲ್, ಎದುರಿನ ಡಿಶ್ ಕೂಡಿಸಿಕೊಡುವುದು 29. ಕಳೆದು ಕೂಡಿದರೆ ಮೈನಸ್ 64 ಬರಬೇಕು. ಬಂದದ್ದು ಮೈನಸ್ 82. ಮೂರು ಡೆಸಿಬೆಲ್ ಎಂದರೆ ಶಕ್ತಿಯಲ್ಲಿ ಎರಡು ಪಾಲಿನ ವ್ಯತ್ಯಾಸ; ಹದಿನೆಂಟು ಎಂದರೆ ಅರುವತ್ತು ಪಾಲಿಗೂ ಹೆಚ್ಚು. ಇಷ್ಟು ದೊಡ್ಡ ಕೊರತೆಯನ್ನು ಒಂದು ಸಡಿಲ ಕನೆಕ್ಟರು ತಂದೊಡ್ಡುವುದು ವಿರಳ. ಡಿಶ್‌ನಿಂದ ಹೊರಡುವ ಅಲೆಯು ಒಂದೇ ಕೋಲಿನಂತೆ ಇರುವುದಿಲ್ಲ. ನಡುವೆ ದಪ್ಪನಾದ ಮುಖ್ಯಧಾರೆಯೂ, ಅದರ ಅಕ್ಕಪಕ್ಕದಲ್ಲಿ ತೆಳ್ಳನೆಯ ಉಪಧಾರೆಗಳೂ ಇರುತ್ತವೆ. ನಾವು ಉಪಧಾರೆಯೊಂದನ್ನು ಹಿಡಿದು ಅದನ್ನೇ ಶಿಖರವೆಂದು ನಂಬಿದ್ದೆವು. ಅಲ್ಲಿಂದ ಎಡಕ್ಕೆ ತುಸು ತಿರುಗಿಸಿದರೂ ಅಂಕಿ ಇಳಿಯುತ್ತದೆ, ಬಲಕ್ಕೆ ತಿರುಗಿಸಿದರೂ ಇಳಿಯುತ್ತದೆ. ಆದುದರಿಂದ ಅನುಭವವಿಲ್ಲದವರು ಅಲ್ಲಿಯೇ ಬೋಲ್ಟು ಬಿಗಿದು ಕೆಳಗಿಳಿಯುವುದು ಸಹಜ. ನಾಡಿನ ಎಷ್ಟೋ ಕೊಂಡಿಗಳು ಇಂದಿಗೂ ಇಂಥ ಉಪಧಾರೆಗಳ ಮೇಲೆ ನಿಂತು ಕುಂಟುತ್ತಿವೆಯೆಂದು ರಾಯರು ವ್ಯಥೆಯಿಂದ ಹೇಳಿದರು.

ಅವರ ವಿಧಾನ ನಿಧಾನವಾದುದು. ಪೈಪಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ. ಡಿಶ್‌ನ ಹಿಡಿಕೆಯ ಮೇಲೆ ಇನ್ನೊಂದು. ಒಂದು ಕೊನೆಯವರು ತಿರುಗಿಸುವಾಗ ಇನ್ನೊಂದು ಕೊನೆಯವರು ಕೈ ಮುಟ್ಟಕೂಡದು. ಅಂಕಿ ಇಳಿಯಿತೆಂದು ಹೆದರಿ ಹಿಂದಿರುಗದೆ, ಇಳಿದು ಮತ್ತೆ ಏರಿ ಮತ್ತೆ ಇಳಿಯುವವರೆಗೆ ಒಂದು ಬದಿಯಿಂದ ಇನ್ನೊಂದು ಬದಿಗೆ ಪೂರ್ತಿಯಾಗಿ ಸರಿಸಿ, ಎಲ್ಲ ಶಿಖರಗಳನ್ನೂ ಕಂಡು, ದೊಡ್ಡದಕ್ಕೆ ಮರಳಬೇಕು. ಆಮೇಲೆ ಮೇಲಕ್ಕೂ ಕೆಳಕ್ಕೂ ಹೀಗೆಯೇ. ಎರಡಡಿ ಅಗಲದ ಡಿಶ್ ಒಂದು ಡಿಗ್ರಿ ತಿರುಗಿದರೆ ಅದರ ಅಂಚು ಜರುಗುವುದು ಐದೇ ಮಿಲಿಮೀಟರು; ಅದೇ ಒಂದು ಡಿಗ್ರಿ 12 ಕಿಲೋಮೀಟರು ಆಚೆಗೆ ಇನ್ನೂರು ಮೀಟರಿಗಿಂತ ಹೆಚ್ಚಾಗುತ್ತದೆ. ಬೋಲ್ಟು ಬಿಗಿಯುವಾಗಲೂ ಡಿಶ್ ಕದಲುವುದರಿಂದ, ಒಂದು ಸುತ್ತು ಬಿಗಿದು ಅಂಕಿ ನೋಡಿ, ಮತ್ತೊಂದು ಸುತ್ತು ಬಿಗಿದು ಅಂಕಿ ನೋಡಿ, ಸಂಜೆಯ ಹೊತ್ತಿಗೆ ಮೈನಸ್ 65ಕ್ಕೆ ತಂದು ನಿಲ್ಲಿಸಿದರು. ಶಕ್ತಿಯನ್ನು ಒಂದು ಕೂದಲಷ್ಟೂ ಏರಿಸಿರಲಿಲ್ಲ.

ಎರಡನೆಯ ದಿನದ ತೊಡಕು ಬೇರೆ ಜಾತಿಯದು. ಸಿಗ್ನಲ್ ಅತ್ಯುತ್ತಮವಾಗಿದ್ದರೂ ಶಾಲೆಯಲ್ಲಿ ಪಾಠದ ವಿಡಿಯೋ ತೆವಳುತ್ತಿತ್ತು. ಈ ವರ್ಗದ ಪೆಟ್ಟಿಗೆಗಳು ಮನೆಯೊಳಗಿನ ವೈಫೈ ವಂಶಕ್ಕೆ ಸೇರಿದವು. ಕಳುಹಿಸಿದ ಪ್ರತಿಯೊಂದು ಕಂತಿಗೂ ತಲುಪಿತೆಂಬ ರಶೀದಿಯನ್ನು ಅಪೇಕ್ಷಿಸುತ್ತವೆ, ಮತ್ತು ಆ ರಶೀದಿಗಾಗಿ ಕಾಯುವುದು ಕೆಲವೇ ಮೈಕ್ರೋಸೆಕೆಂಡು. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಅಷ್ಟು ಧಾರಾಳವಾಗಿ ಸಾಕು. ಆದರೆ ರೇಡಿಯೋ ಅಲೆ ಒಂದು ಮೈಕ್ರೋಸೆಕೆಂಡಿನಲ್ಲಿ ಕ್ರಮಿಸುವುದು 300 ಮೀಟರು ಮಾತ್ರ. 12 ಕಿಲೋಮೀಟರು ಹೋಗಲು 40, ಬರಲು 40, ಒಟ್ಟು 80 ಮೈಕ್ರೋಸೆಕೆಂಡು ದಾರಿಯಲ್ಲಿಯೇ ಕಳೆಯುತ್ತದೆ. ಮಗಳ ಮನೆಗೆ ಕಾಗದ ಬರೆದ ತಂದೆಯು, ಉತ್ತರವು ಟಪಾಲಿನಲ್ಲಿ ಬರುತ್ತಿರುವಾಗಲೇ ಕಾಗದ ಮುಟ್ಟಲಿಲ್ಲವೆಂದು ಕಳವಳಗೊಂಡು ಅದನ್ನೇ ಮತ್ತೆ ಬರೆದು ಅಂಚೆಗೆ ಹಾಕಿದಂತೆ, ಪೆಟ್ಟಿಗೆಯು ತಲುಪಿದ ಕಂತನ್ನೇ ಮತ್ತೆ ಮತ್ತೆ ಕಳುಹಿಸುತ್ತಿತ್ತು. ಹೀಗೆ ಮತ್ತೆ ಕಳುಹಿಸುವುದರಲ್ಲಿ ತೊಡಗಿದ ಪೆಟ್ಟಿಗೆಗೆ, ಅದೇ ಹೊತ್ತಿಗೆ ಬಂದು ಸೇರುತ್ತಿದ್ದ ರಶೀದಿ ಕೇಳಿಸದೆ ವ್ಯರ್ಥವಾಗುತ್ತಿತ್ತು. ಪೆಟ್ಟಿಗೆಯ ಸೆಟ್ಟಿಂಗಿನಲ್ಲಿ ಕೊಂಡಿಯ ದೂರ ಎಷ್ಟು ಕಿಲೋಮೀಟರೆಂದು ತಿಳಿಸುವ ಕಡೆ 1 ಎಂದು ಇದ್ದುದನ್ನು, ತುಸು ಬಿಡುವಿಟ್ಟು, 13 ಎಂದು ತಿದ್ದಿದ ಕೂಡಲೇ ವಿಡಿಯೋ ಓಡಿತು. ಶಾಲೆಯ ಮಕ್ಕಳು ಆಚೆ ಚಪ್ಪಾಳೆ ಹೊಡೆದರಂತೆ; ನಮಗೆ ಗುಡ್ಡದ ಮೇಲೆ ಅದು ಕೇಳಿಸಲಿಲ್ಲ.

ಇಲ್ಲಿಗೆ ಕೆಲಸ ಮುಗಿಯಿತೆಂದು ನಾನು ಭಾವಿಸಿದ್ದೆ. ಆದರೆ ಅದೇ ಪೈಪಿಗೆ, ಇನ್ನೊಂದು ದಿಕ್ಕಿನ ಊರಿಗಾಗಿ, ಎರಡನೆಯ ಡಿಶ್ ಒಂದನ್ನು ಮೂರನೆಯ ದಿನ ಕಟ್ಟಿದರು; ಕಟ್ಟಿದ ಕೂಡಲೇ ಚೆನ್ನಾಗಿದ್ದ ಮೊದಲ ಕೊಂಡಿಯೂ ತಡವರಿಸತೊಡಗಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ದೂರದ ಶಾಲೆಯಿಂದ ಬಂದು ಸೇರುವ ಶಕ್ತಿಗೂ, ಮಗ್ಗುಲಲ್ಲಿಯೇ ಇರುವ ಪೆಟ್ಟಿಗೆಯಿಂದ ಹೊರಡುವ ಶಕ್ತಿಗೂ ಒಂದಕ್ಕೆ ಒಂದು ಕೋಟಿಗಿಂತ ಹೆಚ್ಚಿನ ಅಂತರವಿದೆ. ಪಕ್ಕದವನು ಕೂಗುತ್ತಿರುವಾಗ ಕಣಿವೆಯಾಚೆಯ ಪಿಸುಮಾತು ಯಾರ ಕಿವಿಗೆ ಬಿದ್ದೀತು? ಪಕ್ಕದ ಡಿಶ್‌ನ ಮುಖ ಬೇರೆ ಕಡೆಗಿದ್ದರೂ ಅದರಿಂದ ಸೋರುವ ಅಂಶವೇ ಇದನ್ನು ಮುಳುಗಿಸಲು ಸಾಕು.

ಈ ಸಮಸ್ಯೆಯನ್ನು ನಮ್ಮ ದೇಶದಲ್ಲಿಯೇ ಗಾಢವಾಗಿ ಚಿಂತಿಸಿದವರುಂಟು. ಕಾನ್ಪುರ, ಲಖನೌ ಸೀಮೆಯ ಹಳ್ಳಿಗಳಲ್ಲಿ, ಈ ಶತಮಾನದ ಆದಿಯಲ್ಲಿ, ಕಾನ್ಪುರದ ಐ.ಐ.ಟಿ.ಯವರು ಅಗ್ಗದ ವೈಫೈ ಉಪಕರಣಗಳಿಂದಲೇ ಹತ್ತಾರು ಕಿಲೋಮೀಟರು ಉದ್ದದ ಕೊಂಡಿಗಳನ್ನು ಕಟ್ಟಿ ಪರೀಕ್ಷಿಸಿದರು. ಅವರಲ್ಲಿ ಭಾಸ್ಕರನ್ ರಾಮನ್ ಮತ್ತು ಕಾಮೇಶ್ವರಿ ಚೇಬ್ರೋಲು ಅವರು 2005ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಬಹು ಸರಳವೂ ಬಹು ಫಲವತ್ತೂ ಆದುದಾಗಿದೆ. ಒಂದೇ ಗೋಪುರದ ಮೇಲಿನ ಡಿಶ್‌ಗಳೆಲ್ಲ ಒಟ್ಟಿಗೆ ಮಾತಾಡಿದರೆ ತೊಂದರೆಯಿಲ್ಲ, ಏಕೆಂದರೆ ಆಗ ಅಲ್ಲಿ ಕೇಳುವವರು ಯಾರೂ ಇಲ್ಲ. ಎಲ್ಲವೂ ಒಟ್ಟಿಗೆ ಕೇಳಿದರೂ ತೊಂದರೆಯಿಲ್ಲ, ಏಕೆಂದರೆ ಆಗ ಅಲ್ಲಿ ಕೂಗುವವರು ಯಾರೂ ಇಲ್ಲ. ಕೆಡುವುದು ಒಂದು ಮಾತಾಡುತ್ತಿರುವಾಗ ಇನ್ನೊಂದು ಕೇಳಹೊರಟರೆ ಮಾತ್ರ. ಆದುದರಿಂದ ಗೋಪುರಗಳನ್ನು ಎರಡು ಪಂಗಡ ಮಾಡಿ, ಒಂದು ಪಂಗಡ ಹೇಳುವಾಗ ಇನ್ನೊಂದು ಕೇಳುವಂತೆ, ಬಳಿಕ ಸರದಿ ಬದಲಾಗುವಂತೆ ಏರ್ಪಡಿಸಿದರೆ ಎಲ್ಲ ಕೊಂಡಿಗಳೂ ಒಂದೇ ಆವರ್ತನದಲ್ಲಿ ನಡೆಯಬಲ್ಲವು. ಇದರಿಂದ ಹೊರಡುವ ಇನ್ನೊಂದು ತೀರ್ಮಾನ ನನ್ನನ್ನು ವಿಶೇಷವಾಗಿ ಆಕರ್ಷಿಸಿತು: ಮೂರು ಗುಡ್ಡಗಳು ಒಂದಕ್ಕೊಂದು ತ್ರಿಕೋನವಾಗಿ ಕಟ್ಟಿಕೊಂಡರೆ ಈ ಏರ್ಪಾಡು ಸಾಧ್ಯವೇ ಇಲ್ಲ. ಮೊದಲನೆಯದು ಹೇಳುವ ಪಂಗಡ, ಎರಡನೆಯದು ಕೇಳುವ ಪಂಗಡ; ಎರಡಕ್ಕೂ ನೆರೆಯಾದ ಮೂರನೆಯದು ಯಾವ ಪಂಗಡಕ್ಕೆ ಸೇರಬೇಕು? ಅಲ್ಲಿ ಒಂದು ಬಾಹುವಿಗೆ ಬೇರೆ ಆವರ್ತನ ಕೊಡದೆ ವಿಧಿಯಿಲ್ಲ. ತಮಿಳುನಾಡಿನ ಥೇಣಿಯಲ್ಲಿ ಅರವಿಂದ ಕಣ್ಣಾಸ್ಪತ್ರೆಯು ತನ್ನ ಹಳ್ಳಿಯ ನೇತ್ರಕೇಂದ್ರಗಳ ರೋಗಿಗಳನ್ನು ಪಟ್ಟಣದ ವೈದ್ಯರು ದೂರದಿಂದಲೇ ಮಾತಾಡಿಸಿ ನೋಡಲು ಏರ್ಪಡಿಸಿದ ಕೊಂಡಿಗಳಲ್ಲಿಯೂ, ಬರ್ಕ್ಲಿ ವಿಶ್ವವಿದ್ಯಾನಿಲಯದ ಸಂಶೋಧಕರು ಇದೇ ಸರದಿಯ ತತ್ತ್ವವನ್ನು ಬೆಳೆಸಿ ಅಳವಡಿಸಿದರು.

ಸರದಿಯೆಂದ ಮೇಲೆ ಗಡಿಯಾರ ಬೇಕು. ಒಂಟಿ ಹಳಿಯ ರೈಲುದಾರಿಯಲ್ಲಿ ಹಿಂದೆ ಸ್ಟೇಷನ್ ಮಾಸ್ತರರು ಬೆತ್ತದ ಬಳೆಯಲ್ಲಿ ಟೋಕನ್ ಇಟ್ಟು ಡ್ರೈವರಿಗೆ ಕೊಡುತ್ತಿದ್ದರು. ಟೋಕನ್ ಕೈಯಲ್ಲಿಲ್ಲದ ಗಾಡಿ ಹೊರಡುವಂತಿರಲಿಲ್ಲ. ಎರಡೇ ಪೆಟ್ಟಿಗೆಗಳಾದರೆ ಹೀಗೆ ಒಂದಕ್ಕೊಂದು ಟೋಕನ್ ಒಪ್ಪಿಸಿಕೊಂಡು ನಡೆಯಬಹುದು. ಆದರೆ ಒಂದು ಪೈಪಿನ ಮೇಲೆ ನಾಲ್ಕು ಡಿಶ್, ನಾಲ್ಕರ ಎದುರಿಗೆ ನಾಲ್ಕು ಊರು ಎಂದಾಗ ಒಬ್ಬರನ್ನೊಬ್ಬರು ನೋಡಿ ನಡೆಯುವುದು ಸಾಗದು. ಯಕ್ಷಗಾನದಲ್ಲಿ ಚೆಂಡೆಯವರೂ ಮದ್ದಲೆಯವರೂ ಭಾಗವತರ ತಾಳಕ್ಕೆ ಕಿವಿಗೊಟ್ಟು ಕೂಡುವಂತೆ, ಈ ಪೆಟ್ಟಿಗೆಗಳೆಲ್ಲ ಹೊರಗಿನ ಒಂದು ತಾಳಕ್ಕೆ ಕಿವಿಗೊಡಬೇಕಾಗುತ್ತದೆ. ಪೆಟ್ಟಿಗೆಯೊಳಗಿನ ಅಗ್ಗದ ಸ್ಫಟಿಕದ ಗಡಿಯಾರವು ಹತ್ತು ಲಕ್ಷಕ್ಕೆ ಹತ್ತು ಪಾಲು ತಪ್ಪಿದರೂ, ಪ್ರತಿ ಸೆಕೆಂಡಿಗೆ ಹತ್ತು ಮೈಕ್ರೋಸೆಕೆಂಡು ಜಾರುತ್ತದೆ; ನಮ್ಮ ಶಾಲೆಗೆ ಅಲೆ ತಲುಪುವ 40 ಮೈಕ್ರೋಸೆಕೆಂಡಿನಷ್ಟು ಅಂತರ ನಾಲ್ಕೇ ಸೆಕೆಂಡುಗಳಲ್ಲಿ ಕೂಡಿಬೀಳುತ್ತದೆ.

ಆ ತಾಳವು ಆಕಾಶದಿಂದ ಬರುತ್ತದೆ. ನೆಲದಿಂದ 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳು ಪರಮಾಣು ಗಡಿಯಾರಗಳನ್ನು ಹೊತ್ತಿವೆ. ದಾರಿ ತೋರುವುದಕ್ಕಾಗಿ ಅವುಗಳನ್ನು ಹಾರಿಸಿದ್ದರೂ, ಅವು ನಿಜವಾಗಿ ಹಂಚುವುದು ಕಾಲವನ್ನು. ದಾರಿಯು ಆ ಕಾಲದ ಲೆಕ್ಕದಿಂದ ಹುಟ್ಟುವ ಫಲ. ಅವುಗಳ ವೇಗಕ್ಕೂ ಎತ್ತರಕ್ಕೂ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನು ಅನ್ವಯಿಸಿ ದಿನಕ್ಕೆ 38 ಮೈಕ್ರೋಸೆಕೆಂಡುಗಳ ತಿದ್ದುಪಡಿಯನ್ನು ಮಾಡದಿದ್ದರೆ ಇಡೀ ವ್ಯವಸ್ಥೆಯೇ ನಿರುಪಯುಕ್ತವಾಗುತ್ತಿತ್ತು. ಪೈಪಿನ ತುದಿಗೆ ಕಟ್ಟಿದ, ತೆಂಗಿನ ಚಿಪ್ಪಿನಷ್ಟು ದೊಡ್ಡ ಬಿಳಿಯ ಗ್ರಾಹಕವು ಆ ಗಡಿಯಾರಗಳನ್ನು ಆಲಿಸಿ ಪ್ರತಿ ಸೆಕೆಂಡಿಗೊಮ್ಮೆ ಒಂದು ಮಿಡಿತವನ್ನು ಕೆಳಗಿನ ಪೆಟ್ಟಿಗೆಗಳಿಗೆ ಕಳುಹಿಸುತ್ತದೆ. ಮಿಡಿತ ಬಿದ್ದ ಕ್ಷಣದಿಂದ ಎಣಿಸಿ, ಐದು ಮಿಲಿಸೆಕೆಂಡಿನ ಆವರ್ತಗಳಲ್ಲಿ, ಎರಡು ಡಿಶ್‌ಗಳೂ ಒಟ್ಟಿಗೆ ಹೇಳಿ, ಒಟ್ಟಿಗೆ ಸುಮ್ಮನಾಗಿ, ದೂರದ ಮಾತು ಬಂದು ಸೇರಲು ಬೇಕಾದ ಚಿಕ್ಕ ಮೌನವನ್ನು ಕಾದು, ಒಟ್ಟಿಗೆ ಕೇಳುತ್ತವೆ. ಈ ವಿಷಯದಲ್ಲಿ ನಾವೂ ಪರಾಧೀನರಾಗಿ ಉಳಿದಿಲ್ಲ: ನಮ್ಮದೇ ನಾವಿಕ್ ಉಪಗ್ರಹಗಳ ಕಾಲವನ್ನು ಪಾಲಿಸುವ ಕೇಂದ್ರವು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿದೆ, 2023ರ ಮೇ 29ರಂದು ಹಾರಿದ ಎನ್.ವಿ.ಎಸ್.-01 ಉಪಗ್ರಹದಲ್ಲಿ ಸ್ವದೇಶದಲ್ಲಿಯೇ ನಿರ್ಮಿಸಿದ ರುಬಿಡಿಯಂ ಗಡಿಯಾರವಿದೆ.

ಮೂರನೆಯ ದಿನ ಮಧ್ಯಾಹ್ನ ಆ ಬಿಳಿಯ ಗ್ರಾಹಕವನ್ನು ಕಟ್ಟಿ, ಎರಡು ಪೆಟ್ಟಿಗೆಗಳಲ್ಲಿಯೂ ಆವರ್ತದ ಉದ್ದವನ್ನು, ಹೇಳುವ ಕೇಳುವ ಪಾಲನ್ನು, ಅತಿ ದೂರದ ಕೊಂಡಿಯ ಅಳತೆಯನ್ನು ಒಂದೇ ಸಮನಾಗಿ ತುಂಬಿದರು. ಇವುಗಳಲ್ಲಿ ಒಂದು ಬೇರೆಯಾಗಿದ್ದರೂ ತಾಳವಿದ್ದು ಪ್ರಯೋಜನವಿಲ್ಲ. ಹತ್ತಿರದ ಊರಿನ ಕೊಂಡಿಯೂ ದೂರದ ಕೊಂಡಿಯ ಮೌನವನ್ನೇ ಪಾಲಿಸಬೇಕು. ತನಗೆ ಬೇಡದ ಆ ಕ್ಷಣಗಳನ್ನು ಅದು ನೆರೆಯವನಿಗಾಗಿ ಬಿಟ್ಟುಕೊಡುತ್ತದೆ. ಎರಡು ಊರುಗಳ ಕೊಂಡಿಗಳೂ ಅಂದಿನಿಂದ ನೆಟ್ಟಗೆ ನಡೆಯುತ್ತಿವೆ.

ಗ್ರಾಮಪಂಚಾಯಿತಿಗಳವರಲ್ಲಿ, ಶಾಲೆಯ ಮೇಲುಸ್ತುವಾರಿಯವರಲ್ಲಿ, ಈ ಕೆಲಸವನ್ನು ಕಸುಬಾಗಿ ಹಿಡಿದ ನಮ್ಮ ತರುಣರಲ್ಲಿ ನನ್ನದೊಂದು ಬಿನ್ನಹವಿದೆ. ಮುಂಗಾರಿಗೆ ಮುಂಚಿನ ಗುಡುಗಿನ ದಿನಗಳು ಬರುವ ಮೊದಲೇ ಪೈಪಿಗೆ ಸರಿಯಾದ ಅರ್ಥಿಂಗ್ ಮಾಡಿಸಿ. ಕೇಬಲಿನ ಬಾಯಿಗೆ ನೀರು ಇಳಿಯದಂತೆ ಟೇಪು ಸುತ್ತಿಸಿ. ಕೊಂಡಿ ಕುಂಟಿದಾಗ ಹೊಸ ಪೆಟ್ಟಿಗೆಗೆ ಹಣ ಹೊಂದಿಸುವ ಮುನ್ನ ನಡುದಾರಿಯ ಮರಗಳನ್ನು ಒಮ್ಮೆ ನೋಡಿ ಬನ್ನಿ. ಎಲ್ಲಕ್ಕಿಂತ ಮುಖ್ಯವಾಗಿ, ಕೊಂಡಿಯ ದೂರ, ಲೆಕ್ಕದ ಪ್ರಕಾರ ಬರಬೇಕಾದ ಸಿಗ್ನಲ್, ಜೋಡಿಸಿದ ದಿನ ನಿಜವಾಗಿ ಬಂದ ಸಿಗ್ನಲ್, ಈ ಮೂರನ್ನು ಪೆಟ್ಟಿಗೆಯ ಬಾಗಿಲಿನ ಒಳಬದಿಯಲ್ಲಿ ಅಳಿಸದ ಮಸಿಯಿಂದ ಬರೆದಿಡಿ. ಆ ಗುಡ್ಡದ ಮೇಲಿನ ಬಾಗಿಲಲ್ಲಿ ರಾಯರ ಕೈಬರಹದಲ್ಲಿ ಹೀಗಿದೆ: 12 ಕಿ.ಮೀ., ಮೈನಸ್ 64, ಮೈನಸ್ 65.